ಪಿಟೀಲಿನ ಅಡಿಯಲ್ಲಿದ್ದ ಉಸಿರು

“ಪಿಟೀಲನ್ನೇ ತೆಗೆದುಹಾಕಿದ್ರೆ ಇನ್ನೇನಮ್ಮಾ ಉಳಿಯುತ್ತೆ?” ಎಂದು ದಫೇದಾರ ಕೇಳಿದ.

“ಅದನ್ನ ಕೇಳಿಸೋಕೇ ಕರೆಸಿದ್ದು ಸಾರ್. ಒಂದು ನಿಮಿಷ ಸುಮ್ನಿರಿ,” ಎಂದಳು ಗಿರಗಿಟ್ಲೆ.

ಬಟ್ಟೆ ಒಗೆದುಕೊಡುವ ಅಂಗಡಿಯ ಮೇಲಿನ ಕೋಣೆ ಅದು. ಕೆಳಗೆ ಏಳೆಂಟು ಯಂತ್ರಗಳು ಒಟ್ಟಿಗೇ ಬಟ್ಟೆ ಹಿಂಡತೊಡಗಿದಾಗ ನೆಲ ಸಣ್ಣಗೆ ನಡುಗುತ್ತಿತ್ತು. ಗೋಡೆಗೆಲ್ಲ ಹಳೇ ಹಾಸಿಗೆಗಳನ್ನು ಬಡಿದಿದ್ದರು. ಕಿಟಕಿಗೆ ಕಂಬಳಿ ಕಟ್ಟಿದ್ದರಿಂದ ಹೊರಗೆ ಬೆಳಗಿನ ಹತ್ತು ಗಂಟೆಯ ಬಿಸಿಲಿದ್ದರೂ ಒಳಗೆ ಮುಸ್ಸಂಜೆಯಂತಿತ್ತು.

ಗಿರಗಿಟ್ಲೆ ಎಂಬುದು ಆ ಹುಡುಗಿ ತನ್ನ ಸಂಗೀತಕ್ಕೆ ಇಟ್ಟುಕೊಂಡ ಹೆಸರು. ಹಳೆಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳನ್ನು ಕತ್ತರಿಸಿ, ಹಿಗ್ಗಿಸಿ, ಕೆಳಗೆ ಯಂತ್ರದ ತಾಳ ಕೂರಿಸಿ ಹೊಸ ರೂಪ ಕೊಡುವುದು ಅವಳ ಕೆಲಸ. ಮೂರು ಸಾವಿರ ಜನ ಕುಣಿಯುವ ಜಾಗದಲ್ಲಿ ಅವಳು ನುಡಿಸುತ್ತಾಳೆ. ಇವತ್ತು ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಟೇಪಜ್ಜ ಸತ್ತಾಗಿನಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಟೇಪಜ್ಜ, ತೀರಿಹೋದ ದೊಡ್ಡ ಪಿಟೀಲು ವಿದ್ವಾಂಸರೊಬ್ಬರ ಸಂಗೀತ ಪ್ರತಿಷ್ಠಾನದ ಟೇಪು ಕೋಣೆಯನ್ನು ನಲವತ್ತು ವರ್ಷ ಕಾದವನು. ಕಳೆದ ಗುರುವಾರ ಅದೇ ಕೋಣೆಯಲ್ಲಿ, ಉರುಳಿಬಿದ್ದ ಕಬ್ಬಿಣದ ರ‍್ಯಾಕಿನ ಕೆಳಗೆ, ಅವನ ಹೆಣ ಸಿಕ್ಕಿತ್ತು.

ಗಿರಗಿಟ್ಲೆ ಒಂದು ಗುಂಡಿ ಒತ್ತಿದಳು.

ಸ್ಪೀಕರುಗಳಿಂದ ಮೊದಲು ಬಂದದ್ದು ಸುಯ್ಯೆನ್ನುವ ಟೇಪಿನ ಸದ್ದು. ಅದರೊಳಗೆಲ್ಲೋ ಕುರ್ಚಿಯೊಂದು ಕಿರ್ರೆಂದಿತು. ಆಮೇಲೆ, ತೀರ ಹತ್ತಿರದಲ್ಲಿ, ಬಿಸಿ ಪದಾರ್ಥವನ್ನು ನಾಲಗೆಗೆ ಸೋಕಿಸಿಕೊಂಡವರು ಒಳಗೆಳೆದುಕೊಳ್ಳುವಂಥ ಒಂದು ಚಿಕ್ಕ ಉಸಿರು.

ಸ್ಸ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಸ್ಸ್.

ಇನ್‌ಸ್ಪೆಕ್ಟರ್ ಕುರ್ಚಿಯ ತುದಿಗೆ ಸರಿದು ಕೂತರು. “ಯಾರದ್ದಿದು?”

“ಪಿಟೀಲು ನುಡಿಸ್ತಿರೋರದ್ದು ಮೇಡಂ. ಕಮಾನು ಮೇಲಕ್ಕೆ ಎಳೆಯೋ ಮುಂಚೆ ಪ್ರತಿ ಸಲ ಹೀಗೆ ಉಸಿರು ತಗೋತಾರೆ. ಪಿಟೀಲಿನ ಸದ್ದು ಇದನ್ನ ಮುಚ್ಚಿಬಿಟ್ಟಿತ್ತು. ಪದರ ಬಿಡಿಸೋ ಸಾಫ್ಟ್‌ವೇರ್ ಹಾಕಿ ಪಿಟೀಲನ್ನ ಪಕ್ಕಕ್ಕೆ ಎತ್ತಿಟ್ಟೆ. ಕೆಳಗೆ ಇದು ಸಿಕ್ತು.”

“ಅಂದ್ರೆ ವಿದ್ವಾಂಸರ ಉಸಿರು.”

“ಅದೇ ಅಲ್ಲ ಅಂತಿರೋದು.”

ಅವಳು ಇನ್ನೊಂದು ಗುಂಡಿ ಒತ್ತಿದಳು. ಈಗ ಬಂದದ್ದು ಬೇರೆಯೇ ಸದ್ದು. ಮೂಗಿನಿಂದ ಹೊರಡುವ, ಉದ್ದನೆಯ, ತೃಪ್ತಿಯ ಹೂಂಕಾರ. ಊಟವಾದ ಮೇಲೆ ಒರಗಿ ಕೂತ ಗೃಹಸ್ಥನೊಬ್ಬ ಹೂಂಗುಟ್ಟಿದಂತೆ.

“ಇದು ವಿದ್ವಾಂಸರು. ಮೂವತ್ತು ವರ್ಷದ ಹಳೇ ರೆಕಾರ್ಡಿಂಗು. ಇಪ್ಪತ್ತಾರು ಟೇಪ್ ನೋಡಿದೆ. ಇಪ್ಪತ್ತಮೂರರಲ್ಲೂ ಇದೇ ಹೂಂಕಾರ. ಕೊನೇ ಮೂರರಲ್ಲಿ ಮಾತ್ರ ಆ ‘ಸ್ಸ್’. ಅವರು ಸಾಯೋ ವರ್ಷ ಬಂದ ಮೂರು ರೆಕಾರ್ಡಿಂಗು. ಲೋಕ ಎಲ್ಲ ತಲೆ ಮೇಲೆ ಇಟ್ಕೊಂಡು ಮೆರೆಸೋ ಮೂರು.”

ದಫೇದಾರ ಮೀಸೆ ತಿರುವಿದ. “ವಯಸ್ಸಾದ್ಮೇಲೆ ಉಸಿರು ಬದಲಾಗಲ್ವೇನಮ್ಮಾ? ನನ್ನ ಗೊರಕೇನೇ ಬದಲಾಗಿದೆ ಅಂತಾಳೆ ನಮ್ಮನೆಯವಳು.”

“ಗೊರಕೆ ಬದಲಾಗಬಹುದು ಸಾರ್. ಗಂಡಸಿನ ಉಸಿರು ಹೆಂಗಸಿನ ಉಸಿರಾಗುತ್ತಾ?”

ಕೆಳಗೆ ಯಂತ್ರವೊಂದು ಗಡಗಡನೆ ಸುತ್ತಿ ನಿಂತಿತು.

“ನಿನಗೆ ಈ ಟೇಪುಗಳನ್ನ ಕೊಟ್ಟಿದ್ದು ಪ್ರತಿಷ್ಠಾನ ತಾನೆ?” ಎಂದರು ಇನ್‌ಸ್ಪೆಕ್ಟರ್.

“ಪ್ರತಿಷ್ಠಾನ ಕೊಟ್ಟಿದ್ದು ಉಜ್ಜಿ ತೊಳೆದು ಇಟ್ಟಿದ್ದ ಪ್ರತಿ. ಅದರಲ್ಲಿ ಉಸಿರಿನ ಸದ್ದೇನೂ ಇರ್ಲಿಲ್ಲ. ಮೂರು ವಾರದ ಹಿಂದೆ ಟೇಪಜ್ಜ ತಾನಾಗೇ ಈ ಮೆಟ್ಟಿಲು ಹತ್ತಿ ಬಂದ್ರು. ಮೂಲದ ಟೇಪಿಂದ ಇಳಿಸಿದ್ದು ಅಂತ ಕೊಟ್ರು. ಮೊದಲ ಸ್ವರದಿಂದ ಕೊನೇ ಸ್ವರದ ತನಕ, ಹಿಂದೆ ಮುಂದೆ ಕತ್ತರಿಸಿದ್ದು. ‘ನಿನ್ನ ಯಂತ್ರಕ್ಕೆ ಕಿವಿ ಚುರುಕಂತೆ, ಚೆನ್ನಾಗಿ ಕೇಳಿಸ್ಕೋ ತಾಯಿ’ ಅಂದ್ರು.”

“ನೀನು ಕೇಳಿಸ್ಕೊಂಡೆ.”

“ಹೂಂ. ಕೇಳಿಸ್ಕೊಂಡು, ಹೋದ ಸೋಮವಾರ ಫೋನ್ ಮಾಡಿ, ‘ಅಜ್ಜ, ಇದು ಯಾರು?’ ಅಂತ ಕೇಳಿದೆ. ನಕ್ಕರು. ‘ಗುರುವಾರ ಕಳೀಲಿ, ಎಲ್ಲಾ ಹೇಳ್ತೀನಿ’ ಅಂದ್ರು.” ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. “ನಾನು ಬಾಯಿ ಮುಚ್ಕೊಂಡು ನನ್ನ ಪಾಡಿಗೆ ತಾಳ ಹಾಕ್ಕೊಂಡಿದ್ದಿದ್ರೆ ಅವರು ಬದುಕಿರ್ತಿದ್ರಾ ಮೇಡಂ?”

ಇನ್‌ಸ್ಪೆಕ್ಟರಿಗೆ ಸಮಾಧಾನ ಹೇಳುವುದು ಗೊತ್ತಿರಲಿಲ್ಲ. ಎದ್ದು, ಹುಡುಗಿಯ ಭುಜವನ್ನೊಮ್ಮೆ ಗಟ್ಟಿಯಾಗಿ ಒತ್ತಿ, “ಇದರ ಪ್ರತಿ ಒಂದು ನನಗೆ ಹಾಕ್ಕೊಡು. ಬಾಗಿಲು ಭದ್ರ ಮಾಡ್ಕೋ,” ಎಂದರು.

* * *

ಜೀಪಿನಲ್ಲಿ ಕೂರುತ್ತಿದ್ದಂತೆ ಫೋನು ಬಂತು. ಮೇಲಿನ ಸಾಹೇಬರು. ಮುದುಕ ರ‍್ಯಾಕಿನ ಕೆಳಗೆ ಸಿಕ್ಕಿ ಸತ್ತಿದ್ದಾನೆ, ಆಕಸ್ಮಿಕ ಎಂದು ಬರೆದು ಇವತ್ತು ಸಂಜೆಯೊಳಗೆ ಫೈಲು ಮುಚ್ಚಿ ಎಂದರು.

“ಸಾರ್, ಅದು ಆಕಸ್ಮಿಕ ಅಲ್ಲ.”

“ಪ್ರತಿಷ್ಠಾನಕ್ಕೆ ಕೆಟ್ಟ ಹೆಸರು ಬರುತ್ತಮ್ಮಾ. ಪತ್ರಿಕೆಯವರು ಬಾಗಿಲಲ್ಲಿ ನಿಂತಿದಾರೆ. ಸಂಜೆ ಅಂದ್ರೆ ಸಂಜೆ.”

ಆಕೆ ಫೋನನ್ನು ಮಡಿಲಿಗೆ ಹಾಕಿಕೊಂಡರು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟೋ ಫೈಲುಗಳನ್ನು ಹೀಗೆ ಮುಚ್ಚಿದ್ದರು. ಮುಚ್ಚಿದ ಒಂದೊಂದೂ ಒಂದಲ್ಲ ಒಂದು ದಿನ ಮನಸ್ಸಿನಲ್ಲಿ ತಾನಾಗಿ ತೆರೆದುಕೊಳ್ಳುತ್ತಿತ್ತು.

“ದಫೇದಾರ್ರೇ, ಆ ಕೋಣೇಲಿ ನೀವು ಕಂಡಿದ್ದನ್ನ ಇನ್ನೊಂದ್ಸಲ ಹೇಳಿ.”

“ಎಷ್ಟು ಸಲ ಹೇಳಿಸ್ತೀರಿ ಮೇಡಂ? ರ‍್ಯಾಕು ಬಿದ್ದಿತ್ತು. ಅಜ್ಜ ಅಂಗಾತ ಬಿದ್ದಿದ್ರು. ಟೇಪಿನ ಡಬ್ಬಗಳು ಪಕ್ಕದಲ್ಲಿ.”

“ಹೇಗೆ ಇದ್ವು ಡಬ್ಬಗಳು?”

“ಸಾಲಾಗಿ. ನೂರ ಒಂದು, ನೂರ ಎರಡು…” ದಫೇದಾರ ತಡೆದ. “ಅಯ್ಯೋ ಇವನ!”

“ಬಿದ್ದ ಡಬ್ಬ ಚೆಲ್ಲಾಪಿಲ್ಲಿ ಆಗ್ಬೇಕಿತ್ತು. ನಂಬರಿನ ಪ್ರಕಾರ ಕೂತಿದ್ವು ಅಂದ್ರೆ ಯಾರೋ ಒಂದೊಂದಾಗಿ ಇಳಿಸಿ, ನೋಡಿ, ಪಕ್ಕಕ್ಕೆ ಇಟ್ಟಿದಾರೆ. ಆಮೇಲೆ ಖಾಲಿ ರ‍್ಯಾಕನ್ನ ಅವರ ಎದೆ ಮೇಲೆ ಕೆಡವಿದಾರೆ. ಡಾಕ್ಟರು ಹೇಳಿದ್ದೇನು? ಏಟು ಬಿದ್ದಿರೋದು ತಲೆಯ ಹಿಂದೆ. ಎದುರಿಂದ ಬೀಳೋ ರ‍್ಯಾಕು ತಲೆ ಹಿಂದೆ ಹೇಗೆ ಹೊಡೆಯುತ್ತೆ?”

“ಹುಡುಕಿದೋರಿಗೆ ಬೇಕಾಗಿದ್ದು ಸಿಕ್ಕಿರಬೇಕಲ್ಲ ಹಾಗಾದ್ರೆ.”

“ಸಿಕ್ಕಿರ್ಲಿಲ್ಲ. ಸಿಕ್ಕಿದ್ರೆ ಮಧ್ಯದಲ್ಲೇ ನಿಲ್ಲಿಸ್ತಿದ್ರು. ಕೊನೇ ಡಬ್ಬದವರೆಗೂ ಇಳಿಸಿದಾರೆ.” ಇನ್‌ಸ್ಪೆಕ್ಟರ್ ಬೆರಳಿನಿಂದ ತೊಡೆ ತಟ್ಟಿದರು. “ಕಾವಲುಗಾರ ಏನಂದ? ಅಜ್ಜ ಬೆಳಗ್ಗೆ ಎಂಟೂವರೆಗೆ ಬಂದಾಗ ಭುಜದ ಮೇಲೆ ಬಟ್ಟೆ ಚೀಲ ಇತ್ತು. ದಿನಾ ಅದನ್ನ ಬಾಗಿಲ ಹಿಂದಿನ ಮೊಳೆಗೆ ತಗಲಿ ಹಾಕ್ತಿದ್ರು. ಬಾಗಿಲು ತೆರೆದಿದ್ರೆ ಆ ಮೊಳೆ ಯಾರ ಕಣ್ಣಿಗೂ ಬೀಳಲ್ಲ. ನಾವು ಬಾಗಿಲು ಮುಚ್ಚಿ ನೋಡಿದಾಗ ಮೊಳೆ ಬರಿದಾಗಿತ್ತು.”

“ಆ ದಿನ ರಿಜಿಸ್ಟರಿನಲ್ಲಿ ಇರೋದು ಒಂದೇ ಸಹಿ,” ಎಂದ ದಫೇದಾರ. “ಹನ್ನೊಂದು ಹತ್ತಕ್ಕೆ ಒಳಗೆ. ಹನ್ನೊಂದು ಇಪ್ಪತ್ತಕ್ಕೆ ಹೊರಗೆ. ವಿದ್ವಾಂಸರ ಸೊಸೆ.”

“ಅವರು ಮದುವೆಗೆ ಮುಂಚೆ ಏನಾಗಿದ್ರು ಗೊತ್ತಾ?”

“ವಿದ್ವಾಂಸರ ಶಿಷ್ಯೆ.” ದಫೇದಾರ ನಿಧಾನವಾಗಿ ಟೋಪಿ ತೆಗೆದ. “ಪಿಟೀಲು.”

* * *

ವಿದ್ವಾಂಸರ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವರು ಮಗ. ಪ್ರತಿಷ್ಠಾನದ ಅಧ್ಯಕ್ಷರು, ಐವತ್ತರ ಆಸುಪಾಸು, ಇಸ್ತ್ರಿ ಕೆಡದ ಅಂಗಿ, ಇಸ್ತ್ರಿ ಕೆಡದ ಮಾತು.

“ಬನ್ನಿ ಮೇಡಂ. ಸಾಹೇಬರು ಫೋನ್ ಮಾಡಿದ್ರು. ಎಲ್ಲ ಮುಗೀತಲ್ಲ?”

“ಮುಗಿಯೋ ಮುಂಚೆ ನಿಮ್ಮ ಮನೆಯವರ ಹತ್ರ ಎರಡು ಮಾತಾಡ್ಬೇಕಿತ್ತು.”

ಅಧ್ಯಕ್ಷರ ಮುಖದಲ್ಲಿ ಮುಗುಳ್ನಗೆ ಹಾಗೇ ಇತ್ತು, ಕಣ್ಣು ಮಾತ್ರ ಕದಲಿತು. “ಅವಳಿಗೆ ಇದೆಲ್ಲ ಏನು ಗೊತ್ತು?”

ಸೊಸೆ ಒಳಗಿನಿಂದ ಬಂದರು. ನಲವತ್ತೈದರ ಹೆಂಗಸು, ಕತ್ತಿನಲ್ಲಿ ಅಳತೆಯ ಪಟ್ಟಿ. ಹೊಲಿಗೆ ಮಾಡುತ್ತಿದ್ದವರು ಹಾಗೇ ಎದ್ದು ಬಂದಿದ್ದರು. ನಾಲ್ವರೂ ವಿದ್ವಾಂಸರ ಸಂಗೀತದ ಕೋಣೆಯಲ್ಲಿ ಕೂತರು. ಅಲ್ಲಿ ಯಾವುದನ್ನೂ ಕದಲಿಸಿರಲಿಲ್ಲ. ಗೋಡೆಗೆ ಒರಗಿಸಿದ ದೊಡ್ಡ ಟೇಪು ಯಂತ್ರ. ಗಾಜಿನ ಪೆಟ್ಟಿಗೆಯಲ್ಲಿ ಅವರ ಪಿಟೀಲು. ಅವರ ಚಪ್ಪಲಿ ಕೂಡ ಕಿಟಕಿಯ ಕೆಳಗೆ ಜೋಡಿಯಾಗಿ ಇತ್ತು.

ಇನ್‌ಸ್ಪೆಕ್ಟರ್ ಏನನ್ನೂ ಹೇಳದೆ ಫೋನಿನಲ್ಲಿ ಆ ಸದ್ದನ್ನು ಹಾಕಿದರು.

ಸ್ಸ್.

ಸೊಸೆಯ ಕೈ ಕತ್ತಿನ ಪಟ್ಟಿಯ ಮೇಲೆ ನಿಂತುಬಿಟ್ಟಿತು.

“ಏನಿದು?” ಎಂದರು ಅಧ್ಯಕ್ಷರು.

“ನಿಮ್ಮ ತಂದೆಯವರ ಕೊನೇ ರೆಕಾರ್ಡಿಂಗಿನಿಂದ ಪಿಟೀಲು ತೆಗೆದ್ರೆ ಉಳಿಯೋದು. ನುಡಿಸಿದೋರು ಹೆಂಗಸು.”

“ಆ ಡಿಸ್ಕೋ ಹುಡುಗಿ ಹೇಳಿದ್ಲಾ? ಅವಳ ಯಂತ್ರ ಕಾಗೆಯನ್ನ ಕೋಗಿಲೆ ಮಾಡುತ್ತೆ. ಅದನ್ನ ನಂಬ್ಕೊಂಡು ಪೋಲೀಸ್ನೋರು ಮನೆಗೆ ಬಂದ್ರಾ?”

ಇನ್‌ಸ್ಪೆಕ್ಟರ್ ಅವರ ಕಡೆ ತಿರುಗಲಿಲ್ಲ. “ಅಮ್ಮಾ, ಒಂದು ಐದು ನಿಮಿಷ ನುಡಿಸ್ತೀರಾ?”

“ನಾನಾ?”

“ನೀವೇ.”

“ಅವಳು ಪಿಟೀಲು ಮುಟ್ಟಿ ಹದಿನೆಂಟು ವರ್ಷ ಆಯ್ತು,” ಎಂದರು ಗಂಡ.

“ಮುಟ್ಟಿಲ್ಲ ಅಂತ ನಿಮಗೆ ಹೇಗೆ ಗೊತ್ತು ರೀ?” ಎಂದರು ಸೊಸೆ, ತುಂಬ ಮೆತ್ತಗೆ. “ನೀವು ದಿನಾ ಹತ್ತು ಗಂಟೆಗೆ ಆಫೀಸಿಗೆ ಹೋಗ್ತೀರಿ.”

ಆಕೆ ಎದ್ದು ಒಳಗಿನಿಂದ ತಮ್ಮದೇ ಹಳೇ ಪಿಟೀಲನ್ನು ತಂದರು. ನೆಲದ ಮೇಲೆ ಕೂತು ಶ್ರುತಿ ಮಾಡಿಕೊಂಡರು. ಕಮಾನು ಎತ್ತಿದರು.

ದಫೇದಾರನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೂ ನಾದ ಕೋಣೆಯಲ್ಲಿ ಹರಡಿಕೊಂಡಾಗ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಇನ್‌ಸ್ಪೆಕ್ಟರ್ ಸಂಗೀತ ಕೇಳುತ್ತಿರಲಿಲ್ಲ. ಆಕೆ ಮುಂದಕ್ಕೆ ಬಾಗಿ, ಆ ಹೆಂಗಸಿನ ಮೂಗು ಬಾಯಿಗಳನ್ನೇ ನೋಡುತ್ತಿದ್ದರು. ಕಮಾನು ಮೇಲಕ್ಕೆ ಹೋಯಿತು. ಮತ್ತೆ ಮೇಲಕ್ಕೆ. ಮತ್ತೆ.

ಉಸಿರೇ ಇಲ್ಲ. ನೀರಿನಲ್ಲಿ ಮುಳುಗಿದವರಂತೆ ಆಕೆ ಉಸಿರು ಬಿಗಿಹಿಡಿದು ನುಡಿಸುತ್ತಿದ್ದರು. ಒಂದು ಸುತ್ತು ಮುಗಿದ ಮೇಲಷ್ಟೇ ಎದೆ ಇಳಿಯುತ್ತಿತ್ತು.

ಐದು ನಿಮಿಷಕ್ಕೆ ಕಮಾನು ನಿಂತಿತು. ಅಧ್ಯಕ್ಷರು ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡುತ್ತಿದ್ದರು.

“ನೀವಲ್ಲ,” ಎಂದರು ಇನ್‌ಸ್ಪೆಕ್ಟರ್.

“ನಾನಲ್ಲ.” ಸೊಸೆ ಪಿಟೀಲನ್ನು ಮಡಿಲಿಗೆ ಇಳಿಸಿದರು. ಕಣ್ಣು ತುಂಬಿದ್ದರೂ ತುಟಿಯಲ್ಲಿ ನಗುವಿತ್ತು. “ಆದ್ರೂ ಮೇಡಂ, ನಾನೇ ಹಾಗೆ ನುಡಿಸಿರಬಹುದು ಅಂತ ಅನುಮಾನ ಪಟ್ಟವರು ನೀವೇ ಮೊದಲು. ನಂಗೆ ಖುಷಿಯಾಯ್ತು.”

ಇನ್‌ಸ್ಪೆಕ್ಟರ್ ಬೇಕೆಂದೇ ದನಿ ಒರಟು ಮಾಡಿಕೊಂಡು ಕೇಳಿದರು. “ಟೇಪಜ್ಜನ ಬಟ್ಟೆ ಚೀಲ ಎಲ್ಲಿದೆ?”

“ಯಾವ ಚೀಲ?” ಎಂದರು ಅಧ್ಯಕ್ಷರು.

“ನಾನು ನಿಮ್ಮನ್ನ ಕೇಳ್ಲಿಲ್ಲ. ಅಮ್ಮಾ, ನೀವು ಗುರುವಾರ ಒಳಗೆ ಹೋಗುವಾಗ ಬರಿಗೈ. ಹೊರಗೆ ಬರುವಾಗ ಕೈಯಲ್ಲಿ ಚೀಲ ಇತ್ತು ಅಂತ ಕಾವಲುಗಾರ ಹೇಳಿದಾನೆ. ಅಜ್ಜ ಸತ್ತು ಬಿದ್ದಿದ್ದು ನೋಡಿಯೂ ಯಾರಿಗೂ ಹೇಳದೆ ಬಂದಿದೀರಿ. ಹೆಣ ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆಗೆ. ಇದನ್ನ ನಾನು ಬರ್ಕೊಂಡ್ರೆ ಇವತ್ತೇ ನಿಮ್ಮನ್ನ ಕರ್ಕೊಂಡು ಹೋಗ್ಬೇಕಾಗುತ್ತೆ.”

ಸೊಸೆ ಗಂಡನ ಕಡೆ ನೋಡಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿದ್ದ ಮಾವನವರ ಪಿಟೀಲನ್ನು ನೋಡುತ್ತಾ ಮಾತಾಡಿದರು.

“ಹತ್ತು ವರ್ಷದವಳಿದ್ದಾಗಿನಿಂದ ಅವರ ಹತ್ರ ಕಲಿತೆ. ಆ ಕೊನೇ ವರ್ಷ ಅವರ ಕಿರುಬೆರಳು ಮಡಚ್ತಾನೇ ಇರ್ಲಿಲ್ಲ. ದಿನಾ ಬೆಳಗ್ಗೆ ಬಿಸಿ ಎಣ್ಣೆ ಹಚ್ಚಿ ನೀವ್ತಿದ್ದೋಳು ನಾನೇ. ಅನ್ನ ಕಲಸೋಕೂ ಕಷ್ಟ. ಹೀಗಿರುವಾಗ ಆ ರೆಕಾರ್ಡಿಂಗುಗಳು ಬಂದ್ವು. ಕೇಳಿ ನೋಡಿ ಮೇಡಂ, ಅದರಲ್ಲಿ ಕಿರುಬೆರಳು ನೀರಿನ ಮೇಲೆ ಕಲ್ಲು ಚಿಮ್ಮಿದ ಹಾಗೆ ಹಾರುತ್ತೆ. ‘ಯಾರು ನುಡಿಸಿದ್ದು ಗುರುಗಳೇ?’ ಅಂತ ಕೇಳಿದೆ. ಅವರು ಕಿಟಕಿ ಕಡೆ ತಿರುಗಿ ಕೂತ್ರು. ಆ ದಿನ ಇಡೀ ಮಾತಾಡ್ಲಿಲ್ಲ. ಆಮೇಲೆ ನಾನು ಸೊಸೆಯಾಗಿ ಬಂದೆ. ಮನೆ ಮರ್ಯಾದೆ ಅಂತ ಹೊಟ್ಟೇಲಿ ಇಟ್ಕೊಂಡೆ.”

“ಏನೇನೋ ಬಡಬಡಿಸ್ಬೇಡ,” ಎಂದರು ಅಧ್ಯಕ್ಷರು.

“ಹದಿನೆಂಟು ವರ್ಷ ಸುಮ್ನಿದ್ದೆ ರೀ. ಇನ್ನೆಷ್ಟು ಸುಮ್ನಿರಲಿ?” ಎಂದು ಆಕೆ ತಿರುಗಿದರು. ದನಿ ಏರಲಿಲ್ಲ. ಆದರೆ ಅಧ್ಯಕ್ಷರು ಬಾಯಿ ಮುಚ್ಚಿದರು.

“ಹೋದ ವಾರ ಟೇಪಜ್ಜನೇ ನಂಗೆ ಫೋನ್ ಮಾಡಿದ್ರು,” ಎಂದು ಮುಂದುವರಿಸಿದರು ಸೊಸೆ. “‘ಗುರುವಾರ ಹನ್ನೊಂದಕ್ಕೆ ಬನ್ನಿ ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತೀನಿ. ಮೂಲದ ಟೇಪನ್ನ ನಿಮ್ಮ ಕೈಗೇ ಒಪ್ಪಿಸ್ತೀನಿ’ ಅಂದ್ರು. ಹೋದೆ. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರ್ಲಿಲ್ಲ. ತಳ್ಳಿ ಒಳಗೆ ಹೋಗಿ, ಅಭ್ಯಾಸಬಲ, ಹಿಂದೆ ಬಾಗಿಲು ಹಾಕ್ಕೊಂಡೆ. ತಿರುಗಿ ನೋಡಿದ್ರೆ…”

ಆಕೆ ಎರಡೂ ಕೈಯಿಂದ ಮುಖ ಒತ್ತಿಕೊಂಡರು.

“ಮುಟ್ಟಿ ನೋಡಿದೆ. ಕೈ ತಣ್ಣಗಾಗ್ತಾ ಇತ್ತು. ಕೂಗೋಕೆ ಅಂತ ಬಾಗಿಲ ಕಡೆ ತಿರುಗಿದೆ. ಆಗ ಬಾಗಿಲ ಹಿಂದೆ ಚೀಲ ಕಾಣಿಸ್ತು. ಮೇಲೆ ಒಂದು ಚೀಟಿ ಚುಚ್ಚಿದ್ರು, ‘ಸೊಸೆಯವರಿಗೆ’ ಅಂತ. ನಾನು ಕೂಗಿದ್ರೆ ಜನ ಸೇರ್ತಾರೆ. ಚೀಲ ಪ್ರತಿಷ್ಠಾನಕ್ಕೆ ಹೋಗುತ್ತೆ. ಇನ್ನು ಯಾವತ್ತೂ ನಂಗೆ ಗೊತ್ತಾಗಲ್ಲ ಅನ್ನಿಸ್ತು. ತಗೊಂಡು ಬಂದುಬಿಟ್ಟೆ. ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದಿದ್ದಾಗ ನಾನು ಚೀಲ ಹಿಡ್ಕೊಂಡು ಮನೆಗೆ ಬಂದೆ. ಇದಕ್ಕೆ ನೀವು ಏನು ಶಿಕ್ಷೆ ಬೇಕಾದ್ರೂ ಕೊಡಿ.”

“ಟೇಪು ಕೇಳಿದ್ರಾ?”

“ಇಲ್ಲ. ನಾಲ್ಕು ದಿನದಿಂದ ಹೊಲಿಗೆ ಯಂತ್ರದ ಪೆಟ್ಟಿಗೇಲಿ ಇದೆ. ಧೈರ್ಯ ಬರ್ಲಿಲ್ಲ.”

“ತನ್ನಿ.”

“ಬೇಡ,” ಎಂದು ಅಧ್ಯಕ್ಷರು ಎದ್ದು ನಿಂತರು. ಇಸ್ತ್ರಿಯ ಮಾತು ಈಗ ಸುಕ್ಕುಗಟ್ಟಿತ್ತು. “ಅದು ಪ್ರತಿಷ್ಠಾನದ ಸ್ವತ್ತು. ಕೋರ್ಟಿನ ಕಾಗದ ಇಲ್ಲದೆ ಯಾರೂ ಅದನ್ನ ಕೇಳೋ ಹಾಗಿಲ್ಲ. ನಾನು ಸಾಹೇಬರಿಗೆ ಫೋನ್ ಮಾಡ್ತೀನಿ.”

“ಮಾಡಿ,” ಎಂದರು ಇನ್‌ಸ್ಪೆಕ್ಟರ್. “ಕೊಲೆ ಆದ ಕೋಣೆಯಿಂದ ಬಂದ ಟೇಪನ್ನ ಅಧ್ಯಕ್ಷರು ಬಚ್ಚಿಡೋಕೆ ಹೊರಟಿದಾರೆ ಅಂತ ನಾನೂ ಅವರಿಗೆ ಹೇಳ್ಬೇಕು.”

ಅಧ್ಯಕ್ಷರ ಕೈ ಫೋನಿನ ಮೇಲೆಯೇ ಉಳಿಯಿತು. ದಫೇದಾರ ಸದ್ದಿಲ್ಲದೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಸೊಸೆ ಚೀಲ ತಂದರು. ತವರದ ಡಬ್ಬದಿಂದ ಕಂದು ಬಣ್ಣದ ಟೇಪಿನ ಸುರುಳಿ ತೆಗೆದು, ಮಾವನವರ ಯಂತ್ರಕ್ಕೆ ಏರಿಸಿದರು. ಆ ಬೆರಳುಗಳಿಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು. ಯಂತ್ರ ಗುಂಯ್ಯೆಂದು ಬಿಸಿಯಾಯಿತು. ಸುರುಳಿಗಳು ತಿರುಗಿದವು.

ಪಿಟೀಲು ಬಂತು. ಈ ಕೋಣೆಯಲ್ಲಿ ಈಗಷ್ಟೇ ಕೇಳಿದ್ದಕ್ಕಿಂತ ಬೇರೆಯೇ ಪಿಟೀಲು. ಎಲ್ಲೂ ತಡವರಿಸದೆ, ಬೇಡಿಕೊಳ್ಳದೆ, ತನಗೆ ತಾನೇ ಮಾತಾಡಿಕೊಂಡು ಹೋಗುವ ಪಿಟೀಲು. ಸೊಸೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಎಡಗೈಯ ಬೆರಳುಗಳು ಸೆರಗಿನ ಮೇಲೆ ತಮಗೆ ತಾವೇ ಆಡುತ್ತಿದ್ದವು.

ಕೊನೆಯ ಸ್ವರ ಕರಗಿತು. ಗಿರಗಿಟ್ಲೆಗೆ ಕೊಟ್ಟ ಪ್ರತಿ ಮುಗಿದದ್ದು ಇಲ್ಲಿಗೇ. ಮೂಲದ ಟೇಪು ನಿಲ್ಲಲಿಲ್ಲ.

ಕಮಾನು ಕೆಳಗಿಟ್ಟ ಸದ್ದು. ಕುರ್ಚಿ ಕಿರ್ರೆಂದಿತು. ಆಮೇಲೆ ಒಂದು ಹೆಣ್ಣು ದನಿ. ಎಳೆಯದು, ದಣಿದಿತ್ತು, ನಗುವಿನ ಹತ್ತಿರ ಹತ್ತಿರ ಇತ್ತು.

“ಸಾಕಾ ಅಪ್ಪಾ?”

“ಅಪ್ಪನಾ?” ದಫೇದಾರನ ಬಾಯಿಂದ ಮಾತು ಜಾರಿತು. “ವಿದ್ವಾಂಸರಿಗೆ ಹೆಣ್ಣುಮಕ್ಕಳೇ ಇರ್ಲಿಲ್ವಲ್ಲ!”

ಇನ್‌ಸ್ಪೆಕ್ಟರ್ ಕೈಯೆತ್ತಿ ಸುಮ್ಮನಿರಿಸಿದರು. ಟೇಪಿನಲ್ಲಿ ಯಾರೋ ಹತ್ತಿರ ಬರುವ ಹೆಜ್ಜೆ. ಉತ್ತರ ಬಂತು. ವಿದ್ವಾಂಸರ ದನಿಯಲ್ಲ. ತೀರ ಸಾಮಾನ್ಯವಾದ, ಸ್ವಲ್ಪ ಗೊಗ್ಗರು ದನಿ. ಇನ್‌ಸ್ಪೆಕ್ಟರಿಗೆ ಅದರ ಪರಿಚಯವಿರಲಿಲ್ಲ. ಸೊಸೆಗೆ ಇತ್ತು.

“ಸಾಕು ಮಗಳೇ. ಕೈ ನೋವಾ? ಇಲ್ಲಿ ತಾ, ನೀವ್ತೀನಿ.”

“ಟೇಪಜ್ಜ,” ಎಂದು ಸೊಸೆ ಪಿಸುಗುಟ್ಟಿದರು. “ಅದು ಟೇಪಜ್ಜನ ದನಿ. ಅವರಿಗೆ ಮಗಳಿದ್ಲಾ?”

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅವರು ನಿಂತಲ್ಲೇ ಗೋಡೆ ಹಿಡಿದು ಕೆಳಗೆ ಜಾರಿ, ನೆಲದ ಮೇಲೆ ಕೂತುಬಿಟ್ಟಿದ್ದರು. ಅಂಗಿ ಮುದುಡಿತ್ತು. ಮುಖ ಬಿಳಿಚಿಕೊಂಡಿತ್ತು.

“ರೀ,” ಎಂದರು ಸೊಸೆ. “ಯಾರವಳು?”

“ಆ ಕೋಣೇಲೇ ಬೆಳೆದೋಳು,” ಎಂದರು ಅಧ್ಯಕ್ಷರು. ಯಾರಿಗೆ ಹೇಳುತ್ತಿದ್ದೇನೆಂಬುದು ಅವರಿಗೇ ಗೊತ್ತಿದ್ದಂತಿರಲಿಲ್ಲ. “ಯಾರ ಹತ್ರಾನೂ ಪಾಠ ಹೇಳಿಸ್ಕೊಂಡಿಲ್ಲ. ಹೆಡ್‌ಫೋನ್ ಹಾಕ್ಕೊಂಡು ನಮ್ಮಪ್ಪನ ಟೇಪುಗಳನ್ನ ಕೇಳಿ ಕೇಳಿ ಕಲಿತ್ಲು. ಅಪ್ಪನ ಬೆರಳು ಸೋತಾಗ ನಾನೇ ಕರ್ಕೊಂಡು ಬಂದೆ. ‘ಒಂದೇ ಒಂದು ಸಲ’ ಅಂತ ಹೇಳಿ, ಮೂರು ಸಲ ಅವಳ ಕೈಲಿ ನುಡಿಸಿಸಿದೆ.”

“ನಾನು ಕೇಳಿದ್ದು ಅದಲ್ಲ. ಅವಳು ನಿಮಗೆ ಯಾರು?”

ಅಧ್ಯಕ್ಷರು ತಲೆ ತಗ್ಗಿಸಿದರು.

“ಹೆಂಡತಿ. ರಿಜಿಸ್ಟರ್ ಮದುವೆ. ನಮ್ಮಿಬ್ಬರನ್ನೂ ಟೇಪಜ್ಜನನ್ನೂ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ. ಮೂರನೇ ರೆಕಾರ್ಡಿಂಗಿನ ಮೇಲೂ ಅಪ್ಪನ ಹೆಸರೇ ಬಂತು. ಆ ವಾರ ಮನೆ ಬಿಟ್ಟು ಹೋದ್ಲು. ಆರು ತಿಂಗಳಿಗೆ ಸತ್ತಳು ಅಂತ ಕಾಗದ ಬಂತು. ಮಾರನೇ ವರ್ಷ ನಿನ್ನನ್ನ ಮದುವೆ ಆದೆ.”

ಸೊಸೆ ಕತ್ತಿನಲ್ಲಿದ್ದ ಅಳತೆಯ ಪಟ್ಟಿಯನ್ನು ತೆಗೆದು, ನಿಧಾನವಾಗಿ ಸುತ್ತಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು.

“ಕಾಗದ ಕಳಿಸಿದ್ದು ಯಾರು?” ಎಂದರು ಇನ್‌ಸ್ಪೆಕ್ಟರ್.

“ಟೇಪಜ್ಜ. ಅದು ಸುಳ್ಳು ಅಂತ ಹೋದ ಬುಧವಾರ ಸಂಜೆ ಗೊತ್ತಾಯ್ತು. ಫೋನ್ ಬಂತು. ಅದೇ ದನಿ. ‘ಆ ಟೇಪು ಬೇರೆಯವರ ಕೈಗೆ ಹೋದ್ರೆ ನಾನು ಸುಮ್ನಿರಲ್ಲ. ನಾಳೆ ಬೆಳಗ್ಗೆ ಅಪ್ಪನನ್ನ ಒಬ್ಬರನ್ನೇ ಬಿಡಬೇಡಿ. ನೀವಾದ್ರೂ ಹೋಗಿ ಹತ್ರ ಕೂತ್ಕೊಳ್ಳಿ’ ಅಂದ್ಲು. ಎಲ್ಲಿದೀಯಾ ಅಂತ ಕೇಳೋಷ್ಟರಲ್ಲಿ ಇಟ್ಟುಬಿಟ್ಲು.”

“ಗುರುವಾರ ಬೆಳಗ್ಗೆ ಹತ್ತರವರೆಗೂ ಮನೇಲೇ ಇದ್ದೆ ಅಂತ ನಮಗೆ ಬರೆದುಕೊಟ್ಟಿದೀರಿ.”

“ಇರ್ಲಿಲ್ಲ,” ಎಂದರು ಸೊಸೆ, ಗಂಡನಿಗೆ ಬದಲಾಗಿ. “ಅವತ್ತು ಒಂಬತ್ತಕ್ಕೇ ಹೊರಟ್ರು. ನಾನೇ ನಿಮಗೆ ಹೇಳ್ಲಿಲ್ಲ.”

ಅಧ್ಯಕ್ಷರು ತಲೆಯಾಡಿಸಿದರು. “ಹಿಂದಿನ ಬಾಗಿಲ ಬೀಗದ ಕೈ ನನ್ನ ಹತ್ರ ಇದೆ. ಒಂಬತ್ತೂವರೆಗೆ ಒಳಗೆ ಹೋದೆ. ಆಣೆ ಮಾಡಿ ಹೇಳ್ತೀನಿ ಮೇಡಂ, ಟೇಪಜ್ಜ ಚೆನ್ನಾಗೇ ಇದ್ರು. ಮುಖ ಕ್ಷೌರ ಮಾಡ್ಕೊಂಡಿದ್ರು. ಹೊಸ ಅಂಗಿ ಹಾಕ್ಕೊಂಡಿದ್ರು. ಜೊತೇಲಿ ಕೂರ್ತೀನಿ ಅಂದೆ, ಬೇಡ ಹೋಗು ಅಂದ್ರು. ಹಾಗಾದ್ರೆ ನಾನು ಹೋದ ಕೂಡಲೇ ಎರಡೂ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಳ್ಳಿ, ಯಾರೇ ಬಂದ್ರೂ ತೆಗೀಬೇಡಿ ಅಂತ ಕೈ ಮುಗಿದು ಬೇಡ್ಕೊಂಡೆ. ನಕ್ಕುಬಿಟ್ರು.”

“ಏನಂದ್ರು?”

“‘ಚಿಲಕ ಯಾಕಪ್ಪಾ?’ ಅಂದ್ರು. ‘ಈಗ ಬರ್ತಿರೋಳು ನನ್ನ ಮಗಳು.’”